ಬೆಳಗಿನ ಹುಳಿ, ಮಧ್ಯಾಹ್ನದ ಸಪ್ಪೆ

ಆ ಆಸ್ಪತ್ರೆಯ ಅಡುಗೆಮನೆಯಲ್ಲಿ ಇಪ್ಪತ್ತೆರಡು ವರ್ಷ ಒಲೆಯ ಮುಂದೆ ನಿಂತವಳನ್ನು ರೋಗಿಗಳೂ ದಾದಿಯರೂ ಸೌಟಮ್ಮ ಎಂದೇ ಕರೆಯುತ್ತಿದ್ದರು. ಹಿಂಬಾಗಿಲು ತೆರೆದರೆ ತೋಟ. ಅಲ್ಲಿ ಗುಲಾಬಿಯ ಬುಡದಲ್ಲಿ, ಕಲ್ಲುಹಾಸಿನ ಸಂದಿಯಲ್ಲಿ, ನಲ್ಲಿಯ ಕೆಳಗೆ ಗೋಣಿಸೊಪ್ಪು ನೆಲಕ್ಕೆ ಅಂಟಿಕೊಂಡು ಹಬ್ಬಿತ್ತು. ಕೆಂಪು ಕಾಂಡ, ದಪ್ಪನೆಯ ಪುಟ್ಟ ಎಲೆ, ಅಂಗಿಯ ಗುಂಡಿಯಷ್ಟು ಹಳದಿ ಹೂ. ಯಾರೂ ಬಿತ್ತಿದ್ದಲ್ಲ.

ತೋಟದ ಮಾಲಿ ಸೌಟಮ್ಮನ ವಾರಗಿತ್ತಿ, ಮೈದುನನ ಹೆಂಡತಿ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವಳು ಈ ಕಳೆಯ ಮೇಲೆ ಯುದ್ಧ ಸಾರಿದ್ದಳು.

"ಕಿತ್ತು ಬಿಸಾಕಿ ಮೂರು ದಿನ ಆಯ್ತು. ನೋಡಕ್ಕ, ಬಿದ್ದಲ್ಲೇ ಬೇರು ಬಿಟ್ಟಿದೆ. ಥೇಟ್ ನಮ್ಮತ್ತೆ. ಸೋಲೋ ಜಾತಿಯೇ ಅಲ್ಲ."

"ಹಾಗಾದ್ರೆ ಅತ್ತೆ ಜೊತೆ ಹೊಂದ್ಕೊಂಡ ಹಾಗೇ ಇದರ ಜೊತೆಗೂ ಹೊಂದ್ಕೋ. ಗುಲಾಬಿ ಬುಡದಲ್ಲಿ ಬೆರಳು ಇಟ್ಟು ನೋಡು, ಮಣ್ಣು ಎಷ್ಟು ತಣ್ಣಗಿದೆ."

ಅಂದಿನಿಂದ ಮಾಲಿ ಅದನ್ನು ಗುಲಾಬಿಗೆ ಹೊದಿಕೆಯಾಗಿ ಬಿಟ್ಟಳು. ಡಬ್ಬಗಳಲ್ಲಿ ನೆಟ್ಟು ವಾರ್ಡಿನ ಕಿಟಕಿಗಳಲ್ಲಿಟ್ಟಳು. ಎದ್ದು ಓಡಾಡಲಾಗದವರು ಬಿಸಿಲೇರಿದಂತೆ ಆ ಹೂಗಳು ಬಿಚ್ಚಿಕೊಳ್ಳುವುದನ್ನು ಕಾಯುತ್ತ ಮಲಗಿರುತ್ತಿದ್ದರು. ಸೊಪ್ಪು ಮಾತ್ರ ಸೌಟಮ್ಮನ ಸೂಪಿಗೆ. ಬಾಯಿ ಕೆಟ್ಟವರೂ ಆ ಸೂಪಿನ ಬಟ್ಟಲನ್ನು ಖಾಲಿ ಮಾಡಿ ಕಳಿಸುತ್ತಿದ್ದರು.

ಎರಡು ವರ್ಷದ ಹಿಂದೆ ಬಂದ ಜ್ವರ ಸೌಟಮ್ಮನ ರುಚಿಯನ್ನು ಕಿತ್ತುಕೊಂಡು ಹೋಯಿತು. ಸಕ್ಕರೆಯೂ ಮರಳೇ, ಉಪ್ಪೂ ಮರಳೇ. ಹೇಳಿದರೆ ಒಲೆ ಬಿಟ್ಟು ತರಕಾರಿ ಹೆಚ್ಚುವ ಮೇಜಿಗೆ ಹೋಗಬೇಕಾಗುತ್ತದೆಂದು ಆಕೆ ಬಾಯಿ ಬಿಡಲಿಲ್ಲ. ವಾರಗಿತ್ತಿಗೆ ಮಾತ್ರ ಗೊತ್ತಿತ್ತು. ಸೌಟಮ್ಮ ಉಪ್ಪನ್ನು ಚಮಚದಲ್ಲಿ ಅಳೆದಳು. ಈರುಳ್ಳಿ ಬೆಂದದ್ದನ್ನು ಬಾಣಲೆಯ ಸದ್ದಿನಲ್ಲಿ ಕೇಳಿಸಿಕೊಂಡಳು. ಅಳತೆಗೆ ಸಿಗದ್ದು ಈ ಸೊಪ್ಪಿನ ಹುಳಿ ಮಾತ್ರ. ಬೆಳಿಗ್ಗೆ ಕೊಯ್ದರೆ ಹುಳಿ, ಅದೇ ಗಿಡವನ್ನು ಮಧ್ಯಾಹ್ನ ಕೊಯ್ದರೆ ಸಪ್ಪೆ. ಆಕೆ ಹೂವನ್ನು ನೋಡುವುದು ಕಲಿತಳು. ಮೊಗ್ಗು ಇನ್ನೂ ಬಿರಿದಿಲ್ಲವಾದರೆ ನಿಂಬೆ ಬೇಡ, ಹೂ ಅರಳಿ ಬಾಡಿದ್ದರೆ ಪಾತ್ರೆಗೆ ಎರಡು ನಿಂಬೆ. ಎರಡು ವರ್ಷ ಒಬ್ಬರೂ ಕೊರತೆ ಹೇಳಲಿಲ್ಲ.

ಒಂದು ದಿನ ಮೋಡ ಕವಿದು ಸೂರ್ಯನೇ ಕಾಣಲಿಲ್ಲ. ಮಧ್ಯಾಹ್ನ ಮೂರಕ್ಕೂ ಮೊಗ್ಗುಗಳು ಬಿಗಿಯಾಗಿಯೇ ಇದ್ದವು. ಸೌಟಮ್ಮ ಹೂವನ್ನು ನಂಬಿದಳು, ನಿಂಬೆ ಹಿಂಡಲಿಲ್ಲ. ಬಿಸಿಲಿಲ್ಲದೆ ಹೂ ಅರಳದಿರಬಹುದು, ಎಲೆಗೆ ಮಾತ್ರ ಹೊತ್ತು ಸರಿದದ್ದು ಗೊತ್ತಾಗಿ ಹುಳಿ ಇಳಿದುಹೋಗಿತ್ತು. ಸಂಜೆ ಹನ್ನೊಂದು ಬಟ್ಟಲು ಹಾಗೇ ವಾಪಸ್ಸು ಬಂದವು.

ಅಡುಗೆಮನೆಗೆ ಹೊಸದಾಗಿ ಬಂದಿದ್ದ ಮೇಲ್ವಿಚಾರಕ ಕೇಳಿದ, "ರುಚಿ ನೋಡಿದ್ರಾಮ್ಮ?"

"ನೋಡಿದೆ," ಎಂದಳು ಸೌಟಮ್ಮ. ಸೌಟನ್ನು ಬಾಯಿಗಿಟ್ಟದ್ದಂತೂ ನಿಜ.

ಅವನಿಗೆ ಅನುಮಾನ ಹೋಗಲಿಲ್ಲ. ಮರುದಿನ ಒಳ್ಳೆಯ ಬಿಸಿಲು. ಬೆಳಿಗ್ಗೆ ಒಂದು ಕಂತೆ, ಮಧ್ಯಾಹ್ನ ಒಂದು ಕಂತೆ ಕೊಯ್ಯಿಸಿ, ಸಹಾಯಕ ಅಡುಗೆಯವನ ಕೈಯಲ್ಲಿ ಬೇರೆಬೇರೆ ಸೂಪು ಮಾಡಿಸಿ, ಎರಡು ಬಟ್ಟಲನ್ನು ಸೌಟಮ್ಮನ ಮುಂದಿಟ್ಟ.

"ಯಾವುದು ಹುಳಿ ಹೇಳಿ. ಗೊತ್ತಾಗಲ್ಲ ಅಂದ್ರೆ ನಾಳೆಯಿಂದ ಒಲೆ ಬೇರೆಯವರಿಗೆ. ತಪ್ಪು ತಿಳ್ಕೋಬೇಡಿ, ತಿನ್ನೋರು ಕಾಯಿಲೆಯವರು."

ಸೊಪ್ಪು ಕೊಯ್ದುಕೊಟ್ಟ ವಾರಗಿತ್ತಿ ಬಾಗಿಲಲ್ಲಿ ನಿಂತಿದ್ದಳು. ಸೌಟಮ್ಮನ ಚಮಚ ಎಡಗಡೆಯ ಬಟ್ಟಲಿಗೆ ಹೋದಾಗ ಒಮ್ಮೆ ಕೆಮ್ಮಿದಳು. ಮತ್ತೆ ಕೆಮ್ಮಿದಳು.

"ಕೆಮ್ಮಿದ್ರೆ ಹೊರಗೆ ಹೋಗೇ. ಇದು ಅಡುಗೆಮನೆ," ಎಂದಳು ಸೌಟಮ್ಮ.

ಎರಡನ್ನೂ ಕುಡಿದಳು. ಎರಡೂ ಬಿಸಿನೀರು. ಆಮೇಲೆ ಚಮಚದಲ್ಲಿ ಎಲೆಗಳನ್ನು ಸರಿಸಿ ನೋಡಿದಳು. ಎಡಗಡೆಯದರಲ್ಲಿ ಗಟ್ಟಿ ಮೊಗ್ಗು, ತುದಿಯಲ್ಲಿ ಚೂರೇ ಚೂರು ಹಳದಿ. ಬಲಗಡೆಯದರಲ್ಲಿ ಬಾಡಿ ಲೋಳೆಯಾದ ಎಸಳು.

"ಎಡಗಡೆದು ಹುಳಿ. ಬೆಳಗಿನ ಸೊಪ್ಪು."

ಮೇಲ್ವಿಚಾರಕನ ಮುಖ ಸಡಿಲಾಯಿತು. "ಕ್ಷಮಿಸಿಮ್ಮ, ನಾನು ಸುಮ್ಮನೆ ಅನುಮಾನ..."

ಅಲ್ಲಿಗೆ ಮುಗಿಯಬಹುದಿತ್ತು. ಬಾಗಿಲಲ್ಲಿದ್ದವಳ ಮುಖ ಆಗಲೇ ಅರಳಿತ್ತು. ಆದರೆ ಸೌಟಮ್ಮನ ಕಣ್ಣು ತೊಳೆಯುವ ಕಟ್ಟೆಯ ಕಡೆ ಹೋಯಿತು. ಹಿಂದಿನ ಸಂಜೆ ಹನ್ನೊಂದು ತುಂಬಿದ ಬಟ್ಟಲುಗಳು ಸಾಲಾಗಿ ಕೂತಿದ್ದದ್ದು ಅಲ್ಲೇ.

"ಅನುಮಾನ ಸರಿಯಾಗೇ ಇತ್ತು ಸ್ವಾಮಿ. ನಾನು ನೋಡಿ ಹೇಳಿದ್ದು, ಸವಿದು ಅಲ್ಲ. ಎರಡು ವರ್ಷದಿಂದ ನನಗೆ ಏನೂ ರುಚಿಸಲ್ಲ."

ಅವನು ಸ್ಟೂಲೆಳೆದು ಕೂತ. ಚಮಚದ ಉಪ್ಪು, ಬಾಣಲೆಯ ಸದ್ದು, ಹೂವಿನ ಲೆಕ್ಕ, ಎಲ್ಲವನ್ನೂ ಆಕೆ ಹೇಳಿದಳು. ಕೇಳುತ್ತ ಕೇಳುತ್ತ ಅವನು ಮೊಗ್ಗಿದ್ದ ಬಟ್ಟಲನ್ನೇ ಖಾಲಿ ಮಾಡಿದ್ದ.

"ಎರಡು ವರ್ಷ ಹೀಗೆ ಮಾಡಿದ ಕೈನ ನಾನು ತರಕಾರಿ ಹೆಚ್ಚೋಕೆ ಕಳಿಸ್ಲಾ?" ಎಂದ. "ಆದ್ರೆ ಮೋಡದ ದಿನ ಏನ್ ಮಾಡ್ತೀರಿ? ರುಚಿ ನೋಡೋರು ಒಬ್ಬರು ಬೇಕು."

"ಇದ್ದಾಳಲ್ಲ, ನನ್ನ ವಾರಗಿತ್ತಿ. ಅವಳ ನಾಲಿಗೆ ಎಷ್ಟು ಉದ್ದ ಅಂತ ಇಡೀ ಆಸ್ಪತ್ರೆಗೆ ಗೊತ್ತು."

ಮರುದಿನ ಹತ್ತು ಗಂಟೆಗೆ ಮಾಲಿ ಮಣ್ಣಿನ ಕೈ ತೊಳೆದು ಒಲೆಯ ಪಕ್ಕ ಬಂದು ನಿಂತಳು. ಸೌಟಮ್ಮ ಸೌಟು ಚಾಚಿದಳು. ಅವಳು ಊದಿ, ಹೀರಿ, ಕಣ್ಣು ಮುಚ್ಚಿದಳು.

"ಸ್ವಲ್ಪ ಹುಳಿ ಮುಂದು ಅಕ್ಕ."

"ನಿನ್ನ ಮಾತಿಗಿಂತಲೂನಾ?"

"ಅಷ್ಟಿಲ್ಲ ಬಿಡು," ಎಂದಳು ಮಾಲಿ. ಸೌಟಮ್ಮ ಪಾತ್ರೆಗೆ ಅರ್ಧ ಚೊಂಬು ಬಿಸಿನೀರು ಸುರಿದು, ಎರಡು ವರ್ಷದಲ್ಲಿ ಮೊದಲ ಸಲ ಇನ್ನೊಬ್ಬರನ್ನು ಕೇಳಿದಳು: "ಈಗ?"