ನಾಲ್ಕನೆಯ ಸ್ಕ್ರೂ

ಹಿಂಬದಿಯ ಮುಚ್ಚಳದಲ್ಲಿ ತೂತುಗಳು ನಾಲ್ಕು, ಸ್ಕ್ರೂಗಳು ಮೂರು. ಎಡಗಡೆ ಕೆಳಮೂಲೆಯ ತೂತು ಖಾಲಿ. ಉಳಿದ ಮೂರರ ತಲೆಯ ಮೇಲೂ ಎಲ್ಲ ಸ್ಕ್ರೂಗಳಿಗೆ ಇರುವಂಥ ಗೀರು ಇರಲಿಲ್ಲ. ನಡುವಿನಿಂದ ಮೂರು ಕಡೆಗೆ ಸೀಳು ಹೊರಟಿತ್ತು, ಕೋಳಿಯ ಹೆಜ್ಜೆಯ ಹಾಗೆ.

ಅದು ಎರಡು ಕೈಯಲ್ಲಿ ಹಿಡಿದು ಆಡುವ ಗೇಮ್ ಯಂತ್ರ. ಎಂ.ಎಸ್ಸಿ. ಓದುವಾಗ ಕೊಂಡದ್ದು. ಹಾಸ್ಟೆಲ್ಲಿನ ಒಂದೇ ಕೋಣೆಯಲ್ಲಿ ನಾಲ್ವರು ಇದ್ದೆವು. ನನ್ನದೇ ಎನ್ನುವ ಜಾಗ ನನಗೆ ಸಿಕ್ಕಿದ್ದು ಆ ಯಂತ್ರದೊಳಗೆ ಮಾತ್ರ. ಎರಡು ವರ್ಷದಲ್ಲಿ ಅಲ್ಲೊಂದು ಊರು ಕಟ್ಟಿದ್ದೆ. ನದಿಗೆ ಎರಡು ಸೇತುವೆ, ಸಾಲಾಗಿ ನೆಟ್ಟ ಹಣ್ಣಿನ ಮರಗಳು, ಯಾರೂ ಬಂದು ಏನು ಮಾಡುತ್ತಿದ್ದೀ ಎಂದು ಕೇಳದ ಒಂದು ಮನೆ. ಆ ಊರು ಇರುವುದು ಯಂತ್ರದ ಬೋರ್ಡಿನಲ್ಲೇ. ಬೇರೆಲ್ಲೂ ಅದರ ನಕಲಿಲ್ಲ.

ಓದು ಮುಗಿಸಿ ರಾಮಗಿರಿಗೆ ಮರಳಿದ ವರ್ಷ, ಆಟದ ಗೊಂಬೆಯನ್ನು ನಡೆಸುವ ಎಡಗಡೆಯ ಜಾಯ್‌ಸ್ಟಿಕ್ ಕೆಟ್ಟಿತು. ನಾನು ಬೆರಳು ತೆಗೆದರೂ ನನ್ನ ಗೊಂಬೆ ತಾನೇ ತಾನಾಗಿ ಎಡಕ್ಕೆ ನಡೆದುಕೊಂಡು ಹೋಗಿ ನದಿಯ ದಂಡೆಗೆ ಮುಖಮಾಡಿ ನಿಲ್ಲುತ್ತಿತ್ತು.

ಚಿತ್ರದುರ್ಗದ ಮೊಬೈಲ್ ರಿಪೇರಿ ಅಂಗಡಿಯೊಂದಕ್ಕೆ ಒಯ್ದೆ. ಅಂಗಡಿಯವನು ಮುಚ್ಚಳ ಬಿಚ್ಚಿ, ಟೀ ಕುಡಿಯುತ್ತಲೇ ಒಳಗೆ ಇಣುಕಿ ನೋಡಿದ.

"ಬೋರ್ಡ್ ಹೋಗೈತೆ ಮೇಡಂ. ಹೊಸದು ಹಾಕ್ಬೇಕು."

"ಒಳಗಿರೋದು ಉಳಿಯುತ್ತಾ?"

"ಗೇಮ್ ತಾನೇ? ಮೊದ್ಲಿಂದ ಆಡ್ರಿ. ಮನೇಲಿ ಕುಂತು ಇನ್ನೇನ್ ಮಾಡ್ತೀರಿ?"

ಪಕ್ಕದಲ್ಲಿ ನಿಂತಿದ್ದ ಗಿರಾಕಿ ನಕ್ಕ. ಮುಚ್ಚಿ ಕೊಡಿ, ನಾನೇ ನೋಡಿಕೊಳ್ಳುತ್ತೇನೆ ಎಂದೆ.

"ನೀವಾ?" ಅಂಗಡಿಯವನು ಮುಚ್ಚಳ ಹಾಕುತ್ತಾ ಹೇಳಿದ. "ಬಿಚ್ತೀರಿ, ಸ್ಕ್ರೂ ಕಳ್ಕಂತೀರಿ, ಆಮೇಲೆ ಎಲ್ಲಾನೂ ಕವರಲ್ಲಿ ತುಂಬ್ಕಂಡು ಇಲ್ಲಿಗೇ ಬರ್ತೀರಿ. ಎಷ್ಟ್ ಜನನ್ನ ನೋಡಿಲ್ಲ ನಾನು."

ಯಂತ್ರವನ್ನು ಬ್ಯಾಗಿಗೆ ಹಾಕಿಕೊಂಡು ಹೊರಟೆ. ಆದರೆ ಬಸ್ಸಿನಲ್ಲಿ ಬರುವಾಗ ಒಂದು ಪ್ರಶ್ನೆ ಬಿಡಲಿಲ್ಲ. ಬೋರ್ಡೇ ಹೋಗಿದ್ದರೆ ಉಳಿದ ಗುಂಡಿಗಳೆಲ್ಲ ಹೇಗೆ ಸರಿಯಾಗಿವೆ? ಎಡಕ್ಕೆ ಮಾತ್ರ ಏಕೆ ಎಳೆಯಬೇಕು? ಒಂದು ವಾರ ಓದಿದೆ, ಬಿಚ್ಚುವ ವಿಡಿಯೋಗಳನ್ನು ನಿಲ್ಲಿಸಿ ನಿಲ್ಲಿಸಿ ನೋಡಿದೆ. ಜಾಯ್‌ಸ್ಟಿಕ್ಕಿನ ಒಳಗಿನ ಪದರ ಸವೆದರೆ ಹೀಗಾಗುತ್ತದೆ. ಅದೊಂದನ್ನೇ ಬದಲಿಸಿದರೆ ಸಾಕು, ಬೋರ್ಡನ್ನು ಮುಟ್ಟಬೇಕಾಗಿಲ್ಲ. ಆನ್‌ಲೈನಿನಲ್ಲಿ ಹೊಸ ಜಾಯ್‌ಸ್ಟಿಕ್ಕನ್ನೂ ಕೋಳಿಹೆಜ್ಜೆಯ ಸ್ಕ್ರೂಡ್ರೈವರನ್ನೂ ತರಿಸಿದೆ. ಕೊರಿಯರ್‌ನವನು ರಾಮಗಿರಿಗೆ ಬರಲಿಲ್ಲ. ಹೊಳಲ್ಕೆರೆಯ ಬಸ್‌ಸ್ಟ್ಯಾಂಡಿಗೆ ಹೋಗಿ ಈಸಿಕೊಂಡೆ.

ನಮ್ಮದು ಕಂಬಳಿ ನೇಯುವ ಮನೆ. ಅಪ್ಪ ಮಗ್ಗದಲ್ಲಿ ಕೂರುತ್ತಾರೆ, ಅವ್ವ ಉಣ್ಣೆ ನೂಲುತ್ತಾಳೆ. ಉರುಳಿ ಹೋಗುವಂಥ ಯಾವುದನ್ನೂ ನಮ್ಮಲ್ಲಿ ಬರಿ ನೆಲದ ಮೇಲೆ ಹಾಕುವುದಿಲ್ಲ. ಸರದ ಮಣಿ ಪೋಣಿಸುವುದಿರಲಿ, ಬಿತ್ತನೆ ಬೀಜ ಆರಿಸುವುದಿರಲಿ, ಮೊದಲು ಕಂಬಳಿ ಹಾಸಬೇಕು. ಕಂಬಳಿಯ ಮೇಲೆ ಬಿದ್ದದ್ದು ಬಿದ್ದಲ್ಲೇ ಇರುತ್ತದೆ. ನಾನೂ ಮಧ್ಯಾಹ್ನ ಹಜಾರದಲ್ಲಿ ಹೊಸ ಕರಿ ಕಂಬಳಿ ಹಾಸಿ ಕುಳಿತೆ. ಒಂದು ಸ್ಕ್ರೂ ಇಲ್ಲ ಎಂದು ಕಂಡದ್ದು ಆಗಲೇ.

ಅವ್ವ ಒಳಗಿನಿಂದ ಬಂದು ನೋಡಿದಳು.

"ದೇವ್ರ ಗದ್ದುಗೆಗೆ ಹಾಸಾಕೆ ಅಂತ ತೆಗ್ದಿಟ್ಟ ಕಂಬ್ಳಿ ಕಣೇ ಅದು. ಅದರ ಮ್ಯಾಲೆ ಇದನ್ನ ಬಿಚ್ಚಿ ಹರ್ವಿದೀಯಲ್ಲ."

"ಮುಗಿದ ಮೇಲೆ ಕೊಡವಿ ಇಡ್ತೀನಿ."

"ಇಷ್ಟು ಓದಿದ್ದು ಇದಕ್ಕಾ?"

ಬ್ಯಾಟರಿಯ ತಂತಿ ಬಿಡಿಸಿದೆ. ಬಿಚ್ಚಿದ್ದನ್ನೆಲ್ಲ ಬಿಚ್ಚಿದ ಕ್ರಮದಲ್ಲೇ ಸಾಲಾಗಿ ಇಟ್ಟೆ. ಹಳೆಯ ಜಾಯ್‌ಸ್ಟಿಕ್ ತೆಗೆದು ಹೊಸದನ್ನು ಕೂರಿಸಿದೆ. ಅದರ ಚಪ್ಪಟೆ ಕೇಬಲ್ ಕಾಗದದಷ್ಟು ತೆಳ್ಳಗಿತ್ತು. ಅದನ್ನು ಅದರ ಕಿಂಡಿಗೆ ತೂರಿಸಿ, ಉಗುರಿನ ತುದಿಯಿಂದ ಸಣ್ಣ ಮುಚ್ಚಳ ಒತ್ತಿದೆ. ಎಲ್ಲ ಮುಚ್ಚಿ ಆನ್ ಮಾಡಿದೆ.

ಊರು ಬಂತು. ಗೊಂಬೆ ಎಡಕ್ಕೆ ಹೋಗಲಿಲ್ಲ. ಬಲಕ್ಕೂ ಹೋಗಲಿಲ್ಲ. ನಾನು ಎಷ್ಟು ಒತ್ತಿದರೂ ಮನೆಯ ಮುಂದೆ ಸುಮ್ಮನೆ ನಿಂತಿತು.

ಅವ್ವ ನನ್ನ ಮುಖ ನೋಡಿಯೇ ತಿಳಿದುಕೊಂಡಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಹೆಚ್ಚು ಕಷ್ಟವಾಯಿತು.

"ಹೋಗ್ಲಿ ಬಿಡು. ನಾಳೆ ನಿಮ್ಮಪ್ಪ ಕಂಬ್ಳಿ ಹಾಕಕೆ ದುರ್ಗಕ್ಕೆ ಹೋಗ್ತೈತಲ್ಲ, ಅದರ ಕೈಲಿ ಕೊಡು. ಆ ಅಂಗಡಿಯವ್ನು ಬೋರ್ಡೋ ಏನೋ ಹಾಕ್ಲಿ. ಸರಿಯಾದ್ಮ್ಯಾಲೆ ನಿಮ್ಮಕ್ಕನ ಮಗಳಿಗೆ ಕೊಡಾಣ. ನಿನಗೇನು ಇನ್ನೂ ಆಡೋ ವಯಸ್ಸಾ?"

"ಇದು ನನ್ನದು" ಎಂದೆ. "ಯಾರಿಗೂ ಕೊಡೋದಿಲ್ಲ. ಅಂಗಡಿಗೂ ಕೊಡೋದಿಲ್ಲ."

ನಮ್ಮ ಮನೆಯಲ್ಲಿ ನಾನು ಅಷ್ಟು ಗಟ್ಟಿಯಾಗಿ ಮಾತಾಡಿದ್ದು ಕಡಿಮೆ. ಮಗ್ಗದ ಸದ್ದು ನಿಂತಿತು. ಅಪ್ಪ ಅಲ್ಲಿಂದಲೇ ಕತ್ತು ಚಾಚಿ ನೋಡಿದರು, ಮತ್ತೆ ನೇಯತೊಡಗಿದರು.

ಅವ್ವ ಮಾತು ಬದಲಿಸುವವಳಂತೆ, "ಮೊದ್ಲು ಎದ್ದು ಬಟ್ಟೆ ಕೊಡವ್ಕ. ಹೊಸ ಕಂಬ್ಳಿ ಕೂದ್ಲು ಉದುರಿಸ್ತೈತೆ. ಮೈಯೆಲ್ಲಾ ಮೆತ್ಕಂಡು ಕುರಿಮರಿ ಆಗಿದೀಯ" ಎಂದಳು.

ಚೂಡಿದಾರದ ಮೊಣಕಾಲಿನ ಮೇಲೆ ನೋಡಿದೆ. ಕರಿ ಕೂದಲು. ತೋಳಿನ ಮೇಲೂ, ಬೆರಳ ಸಂದಿಯಲ್ಲೂ.

ಎದ್ದು ಬಟ್ಟೆ ಕೊಡವಿಕೊಂಡೆ. ಕಂಬಳಿಯನ್ನು ಮಡಿಸಿ ಅವಳ ಕೈಗೆ ಕೊಟ್ಟೆ, ರೊಟ್ಟಿ ತಟ್ಟುವ ಹಲಗೆಯನ್ನು ಒರೆಸಿ ತಂದು ಯಂತ್ರವನ್ನು ಮತ್ತೆ ಬಿಚ್ಚಿದೆ. ಕೇಬಲನ್ನು ಹೊರಗೆಳೆದು, ಕಿಂಡಿಯನ್ನು ಬಾಗಿಲ ಬೆಳಕಿಗೆ ಓರೆಯಾಗಿ ಹಿಡಿದೆ. ಒಳಗೆ ಒಂದೇ ಒಂದು ಎಳೆ, ಅಡ್ಡಲಾಗಿ ಮಲಗಿತ್ತು. ಕೇಬಲ್ ಪೂರ್ತಿ ಒಳಗೆ ಹೋಗದಂತೆ ತಡೆದದ್ದು ಅದೇ. ವಿಡಿಯೋ ಮಾಡಿದವರು ಯಾರೂ ಇದನ್ನು ಹೇಳಿರಲಿಲ್ಲ. ಅವರು ಯಾರೂ ಕಂಬಳಿಯ ಮೇಲೆ ಕುಳಿತಿರಲಿಲ್ಲ.

ಅಪ್ಪನ ಹತ್ತಿರ ಉಣ್ಣೆಯಿಂದ ಮುಳ್ಳು ಆರಿಸುವ ಚಿಮಟ ಇದೆ. ಕೇಳಿದೆ. ಕೊಟ್ಟರು.

"ಸಿಕ್ತಾ?" ಎಂದರು.

"ಸಿಕ್ತು."

"ನಮ್ ಕುರಿದಾ?"

"ನಮ್ಮದೇ."

ಅವರು ಮೀಸೆಯೊಳಗೇ ನಕ್ಕರು. ಎಳೆಯನ್ನು ತೆಗೆದು ಕೇಬಲ್ ಕೂರಿಸಿದಾಗ ಈ ಸಲ ಅದು ಒಂದು ಗೆರೆಯಷ್ಟು ಹೆಚ್ಚು ಒಳಗೆ ಹೋಯಿತು. ಮುಚ್ಚಿ ಆನ್ ಮಾಡಿದೆ. ಗೊಂಬೆಯನ್ನು ಮೊದಲನೆಯ ಸೇತುವೆ ದಾಟಿಸಿದೆ, ಎರಡನೆಯದರಿಂದ ವಾಪಸು ಕರೆತಂದೆ, ಮರಗಳ ನಡುವೆ ನಿಲ್ಲಿಸಿ ಬೆರಳು ತೆಗೆದೆ. ನಿಂತಲ್ಲೇ ನಿಂತಿತು. ಅವ್ವ ಹಿಂದಿನಿಂದ ನೋಡುತ್ತಿದ್ದಳು ಎಂದು ಗೊತ್ತಿತ್ತು. "ಇಷ್ಟ್ ಮರ ನೆಟ್ಟಿದೀಯಾ?" ಎಂದಷ್ಟೇ ಕೇಳಿದಳು.

ಮರುದಿನ ಬೆಳಿಗ್ಗೆ ಅಪ್ಪನ ಜೊತೆ ನಾನೂ ದುರ್ಗದ ಬಸ್ ಹತ್ತಿದೆ. ಅವರು ಕಂಬಳಿಯ ಗಂಟು ಹೊತ್ತು ತಮ್ಮ ಕೆಲಸಕ್ಕೆ ಹೋದರು. ನಾನು ರಿಪೇರಿ ಅಂಗಡಿಗೆ ಹೋಗಿ ಯಂತ್ರವನ್ನು ಮಗುಚಿ ಕೌಂಟರಿನ ಮೇಲೆ ಇಟ್ಟೆ.

"ಬಂದ್ರಾ? ನಾನು ಹೇಳಿರ್ಲಿಲ್ವ" ಎಂದ ಅಂಗಡಿಯವನು.

"ಇದು ಸರಿಯಾಗಿದೆ. ಬೋರ್ಡ್ ಹಳೆಯದೇ. ನೀವು ಬಿಚ್ಚಿದಾಗ ಒಂದು ಸ್ಕ್ರೂ ನಿಮ್ಮ ಹತ್ತಿರ ಉಳೀತು. ಅದು ಬೇಕು."

ಅವನು ಆನ್ ಮಾಡಿ ನೋಡಿದ, ಮತ್ತೆ ನನ್ನನ್ನು ನೋಡಿದ.

"ಒಂದು ಸ್ಕ್ರೂಗೆ ಊರಿಂದ ಬಂದ್ರಾ ಮೇಡಂ?"

"ಹೌದು."

ಅವನು ಒಂದು ಡಬ್ಬಿಯ ಮುಚ್ಚಳಕ್ಕೆ ಸ್ಕ್ರೂಗಳನ್ನು ಸುರಿದು ಹುಡುಕಿದ. ನಾನು ನಿಂತೇ ಇದ್ದೆ. ಕೋಳಿಹೆಜ್ಜೆಯದು ಅದರಲ್ಲಿ ಒಂದೇ ಇತ್ತು. ಅವನು ಅದನ್ನು ಹಾಕಲು ತನ್ನ ಸ್ಕ್ರೂಡ್ರೈವರಿಗೆ ಕೈ ಚಾಚಿದ. ಅಷ್ಟರಲ್ಲಿ ನಾನು ಬ್ಯಾಗಿನಿಂದ ನನ್ನದನ್ನು ತೆಗೆದಿದ್ದೆ. ಸ್ಕ್ರೂವನ್ನು ಎಡಗಡೆಯ ಕೆಳಮೂಲೆಯ ತೂತಿಗೆ ಇಳಿಸಿ, ಅವನ ಕೌಂಟರಿನ ಮೇಲೆಯೇ, ಬಿಗಿಯಾಗುವ ತನಕ ತಿರುಗಿಸಿದೆ.