ಸೋಮ್ಯಾನ ಎಡಗೈ

ಒಬ್ಬರ ವಸ್ತುವನ್ನು ಕೇಳದೆ ಮುಟ್ಟುವ ಮನುಷ್ಯ ನಾನಲ್ಲ. ಪಕ್ಕದ ಅಂಗಡಿಯ ನಟ್ಟು ಬಿಚ್ಚುವ ಪಾನಾ ಬೇಕಾದರೂ ಎದ್ದು ಹೋಗಿ, ಕೇಳಿ, ತಂದು, ಕೆಲಸವಾದ ಮೇಲೆ ಒರೆಸಿ ವಾಪಸು ಕೊಡುವವನು. ಇಂಥವನ ಹಾಸಿಗೆಯಲ್ಲಿ ಹೋದ ವರ್ಷ ನಾಲ್ಕು ತಿಂಗಳು ಹೆಂಡತಿಯ ತಮ್ಮನ ಎಡಗೈ ಬಿದ್ದುಕೊಂಡಿತ್ತು. ನಾನು ತಂದದ್ದಲ್ಲ, ಕೊಡು ಎಂದು ಕೇಳಿದ್ದೂ ಅಲ್ಲ. ಒಯ್ಯೋ ಮಾರಾಯ ಎಂದು ದಿನಕ್ಕೆ ನಾಲ್ಕು ಸಲ ಹೇಳಿದರೂ ಅವನು ಒಯ್ಯಲಿಲ್ಲ.

ನಿಮಗೆ ನಗು ಬಂದಿದ್ದರೆ ನಕ್ಕುಬಿಡಿ. ಈಗ ನನಗೂ ಬರುತ್ತದೆ. ಕೈ ನನ್ನದೇ ಆಗಿತ್ತು. ಲಕ್ವಾ ಹೊಡೆದು ಎಡಮೈ ಬಿದ್ದಾಗ, ಈ ಕೈ ನನ್ನದು ಎಂಬ ಒಂದು ಸಂಗತಿ ತಲೆಯಿಂದ ಅಳಿಸಿಹೋಗಿತ್ತು. ಉಳಿದದ್ದೆಲ್ಲ ಸರಿ ಇತ್ತು. ಐದು ಎಚ್‌ಪಿ ಮೋಟಾರಿಗೆ ಯಾವ ನಂಬರಿನ ತಂತಿ, ಎಷ್ಟು ಸುತ್ತು, ನಿದ್ದೆಗಣ್ಣಲ್ಲಿ ಕೇಳಿದರೂ ಹೇಳುತ್ತಿದ್ದೆ. ಕೈ ಯಾರದು ಎಂದರೆ ಮಾತ್ರ, ಸೋಮ್ಯಾನದು.

ಯರಗಟ್ಟಿಯಲ್ಲಿ ಬೆಳಗಾವಿ ರಸ್ತೆಗೆ ಮುಖ ಮಾಡಿ ನನ್ನ ವೈಂಡಿಂಗ್ ಅಂಗಡಿ ಇದೆ. ಆರನೆಯ ಇಯತ್ತೆಗೆ ಸಾಲಿ ಬಿಟ್ಟು ಒಬ್ಬ ಮಿಸ್ತ್ರಿಯ ಕೈಕೆಳಗೆ ಕುಳಿತವನು, ಮೂವತ್ತು ವರ್ಷದಿಂದ ಈ ಭಾಗದ ಸುಟ್ಟ ಮೋಟಾರುಗಳ ಹೊಟ್ಟೆ ಬಗೆದು ಹೊಸ ತಾಮ್ರ ತುಂಬುತ್ತಿದ್ದೇನೆ. ನಾನು ಸುತ್ತಿದ ಮೋಟಾರು ಮತ್ತೆ ನನ್ನ ಅಂಗಡಿಯ ಮೆಟ್ಟಿಲು ಹತ್ತುವುದು ಕಡಿಮೆ. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಮಾಡಿದವನು ಹೇಳಿಕೊಳ್ಳಬೇಕು, ಮಾಡದವನು ಕೇಳಿಸಿಕೊಳ್ಳಬೇಕು ಎನ್ನುವುದು ನನ್ನ ರೂಢಿ. ಕೇಳಿಸಿಕೊಳ್ಳಲು ಸೋಮ್ಯಾ ಇದ್ದೇ ಇದ್ದ.

ಸೋಮಲಿಂಗ ಅವನ ಹೆಸರು. ವಯಸ್ಸು ಮೂವತ್ತು ದಾಟಿದೆ. ಮೊಬೈಲ್ ಅಂಗಡಿ, ಕೋಳಿ ಫಾರ್ಮು, ಟಂಟಂ ಗಾಡಿ ಎಂದು ಎಲ್ಲ ಕೆಲಸಕ್ಕೂ ಹೋದ, ಎಲ್ಲದರಿಂದಲೂ ಮಧ್ಯಾಹ್ನದ ಊಟಕ್ಕೆ ಬಂದ, ಆಮೇಲೆ ಹೋಗಲಿಲ್ಲ. ಅವನ ಕೈಗಳು ಮೆತ್ತಗೆ, ಬೆಣ್ಣೆ ಹಚ್ಚಿದಂತೆ. ಆ ಕೈಗಳನ್ನು ನಾನು ಮದುವೆ ಮನೆಗಳಲ್ಲಿ ನಾಲ್ಕು ಜನರಿಗೆ ತೋರಿಸಿ ಆಡಿಕೊಂಡಿದ್ದೇನೆ.

ಲಕ್ವಾ ಬಂದ ದಿನದ ಕತೆಯೇ ಸರಿಯಿಲ್ಲ. ಬೆಳಿಗ್ಗೆ ಹನ್ನೊಂದರ ಸುಮಾರು ರೋಟರ್ ಎತ್ತಲು ಬಗ್ಗಿದವನು ಹಾಗೇ ಎಡಕ್ಕೆ ಒರಗಿದೆ. ಎದುರಿನ ಚಹಾದಂಗಡಿಯ ಮಲ್ಲಪ್ಪ ನೋಡಿದ.

"ಮಿಸ್ತ್ರಿಗೆ ಕರೆಂಟ್ ಹಿಡದೈತಿ. ಯಾರೂ ಮುಟ್ಟಬ್ಯಾಡ್ರಿ" ಎಂದು ಕೂಗಿ, ಒಲೆಯ ಒಣಕಟ್ಟಿಗೆ ತಂದು, ನನ್ನನ್ನು ಕರೆಂಟಿನಿಂದ ಬಿಡಿಸಲು ಹೊಡೆಯತೊಡಗಿದ. ನಸುಕಿನಿಂದ ಊರಲ್ಲಿ ಕರೆಂಟೇ ಇರಲಿಲ್ಲ. ಅದನ್ನು ಹೇಳೋಣವೆಂದರೆ ನಾಲಗೆ ದಪ್ಪವಾಗಿ ಹೊರಳಲಿಲ್ಲ. ಪುಣ್ಯಕ್ಕೆ ಅವನು ಹೊಡೆದದ್ದು ಎಡಗಡೆ, ನನಗೆ ಏನೂ ತಿಳಿಯಲಿಲ್ಲ. ಮುಂದೆ ಆಸ್ಪತ್ರೆಯಲ್ಲಿ ಹೆಂಡತಿ ಆ ಬಾಸುಂಡೆ ತೋರಿಸಿದಾಗ, ಪಾಪ, ಸೋಮ್ಯಾನಿಗೆ ಯಾರು ಹೊಡೆದರು ಎಂದು ಕೇಳಿದೆನಂತೆ.

ಜನ ಕೂಡಿದರು. ಒಬ್ಬರು ಲಕ್ವಾಕ್ಕೆ ಸೊಪ್ಪಿನ ರಸ ಹಿಂಡುವವರ ಊರಿನ ಹೆಸರು ಹೇಳಿದರು, ಇನ್ನೊಬ್ಬರು ಮೊದಲು ದೇವರ ಕಡೆ ಕೇಳೋಣ ಎಂದರು. ಓಡಿಬಂದ ನನ್ನ ಹೆಂಡತಿ ಗಂಗವ್ವ ಎಲ್ಲರನ್ನೂ ಒಂದೇ ಮಾತಿನಲ್ಲಿ ಮುಗಿಸಿದಳು. "ನಿಮ್ಮ ಮೋಟಾರ್ ಸುಟ್ಟರ ಸೀದಾ ಇವರ ಕಡೆ ಹೊತಗೊಂಡ ಬರತೀರಿ. ಅವಾಗ ಯಾವ ದೇವರ್ನ ಕೇಳತೀರಿ? ಗಾಡಿ ತರ್ರಿ, ಬೆಳಗಾವಿಗೆ ಹೋಗೂಣು." ಹೊತ್ತು ಮೀರುವ ಮುಂಚೆ ಮುಟ್ಟಿದ್ದರಿಂದ ಇಂಜೆಕ್ಷನ್ ಹಾಕಲು ಬಂತು, ಜೀವ ಉಳಿಯಿತು ಎಂದು ಡಾಕ್ಟರು ಅವಳಿಗೇ ಹೇಳಿದರು.

ಮೂರನೆಯ ದಿನ ಎಚ್ಚರವಾದಾಗ ಹೊಟ್ಟೆಯ ಮೇಲೆ ಒಂದು ಕೈ ಇತ್ತು. ತಣ್ಣಗೆ, ಭಾರವಾಗಿ. ನರ್ಸು ಉಗುರನ್ನೆಲ್ಲ ತೊಳೆದಿದ್ದಳು, ಮೋಟಾರಿಗೆ ಹಚ್ಚುವ ವಾರ್ನಿಶ್ ಕಲೆ ಒಂದೂ ಇಲ್ಲ. ಯಾರದಿದು ಎಂದು ನೋಡಿದರೆ, ಮಂಚದ ಅಂಚಿಗೆ ತಲೆಯಿಟ್ಟು ಸೋಮ್ಯಾ ನಿದ್ದೆ ಮಾಡುತ್ತಿದ್ದ. ಇಷ್ಟು ಸುಮ್ಮನೆ ಬಿದ್ದಿರುವ ಕೈ ನನ್ನದು ಇರಲಿಕ್ಕೆ ಶಕ್ಯವೇ ಇರಲಿಲ್ಲ. ನಮ್ಮ ಬಳಗದಲ್ಲಿ ಇಂಥ ಕೈ ಇರುವವನು ಒಬ್ಬನೇ.

"ಏ ಸೋಮ್ಯಾ, ಕೈ ತಗೀ. ಭಾರ ಆಗತೈತಿ" ಎಂದೆ.

ಅವನು ಎದ್ದು ತನ್ನ ಎರಡೂ ಕೈ ನೋಡಿಕೊಂಡ. "ಯಾವ ಕೈ, ಮಾಮಾ?"

ಅಲ್ಲಿಂದ ಸುರುವಾದದ್ದು ನಾಲ್ಕು ತಿಂಗಳು ನಡೆಯಿತು.

ಎಡಗಡೆ ಎನ್ನುವ ದಿಕ್ಕೇ ನನ್ನ ಪಾಲಿಗೆ ಇಲ್ಲವಾಗಿತ್ತು. ಕನ್ನಡಿ ಮುಂದೆ ಕುಳಿತು ಬಲಗಡೆಯ ಗಡ್ಡ ಮಾತ್ರ ತೆಗೆದು, ಸೋಮ್ಯಾನ ಹೆಗಲು ಹಿಡಿದು ಘನವಾಗಿ ಕಟ್ಟೆಗೆ ಬಂದು ಕೂರುತ್ತಿದ್ದೆ. ತಾಟಿನಲ್ಲಿ ಬಲಗಡೆಯ ಅರ್ಧ ರೊಟ್ಟಿ ತಿಂದು, ಕೆಲಸಕ್ಕೆ ಹೋಗದ ಗಂಡನಿಗೆ ಅರ್ಧವೇ ಬಡಿಸುತ್ತಾಳೆ ಎಂದು ಗಂಗವ್ವನ ಮೇಲೆ ಹರಿಹಾಯುತ್ತಿದ್ದೆ. ಅವಳು ತಾಟನ್ನು ಅರ್ಧ ಸುತ್ತು ತಿರುವುತ್ತಿದ್ದಳು. ಅರ್ಧ ರೊಟ್ಟಿ ಎಲ್ಲಿಂದಲೋ ಬಂದು ಕುಳಿತಿರುತ್ತಿತ್ತು. ಕೇಳಿದ ಕೂಡಲೇ ಬಡಿಸುವಷ್ಟು ಹೆದರಿಕೆ ಇನ್ನೂ ಇದೆಯಲ್ಲ ಎಂದು ಸಮಾಧಾನ ಪಡುತ್ತಿದ್ದೆ.

ಕೈಕಾಲಿನ ವ್ಯಾಯಾಮ ಮಾಡಿಸಲು ವಾರಕ್ಕೆರಡು ಸಲ ಒಬ್ಬ ಮೇಡಂ ಬರುತ್ತಿದ್ದರು. ಚಿಕ್ಕ ವಯಸ್ಸು, ದೊಡ್ಡ ತಾಳ್ಮೆ. ನನಗೆ ಕಾಕಾ ಎನ್ನುತ್ತಿದ್ದರು. ಮೊದಲ ದಿನವೇ ಸೋಮ್ಯಾನನ್ನು ಎದುರಿಗೆ ನಿಲ್ಲಿಸಿದರು.

"ಕಾಕಾ, ಇವರ ಕೈ ಎಣಸೂಣು. ಒಂದು, ಎರಡು. ಈಗ ನಿಮ್ಮ ಹೊಟ್ಟಿ ಮ್ಯಾಲಿಂದು ಮೂರು. ಮನಷ್ಯಾಗ ಮೂರು ಕೈ ಇರತಾವೇನು?"

ನಾನು ಸಾಲಿ ಬಿಟ್ಟವನು ಎಂದು ಇವರು ಲೆಕ್ಕ ಕಲಿಸಲು ಬಂದಿದ್ದಾರೆ ಎನ್ನಿಸಿ ಸಿಟ್ಟು ಬಂತು. "ದುಡಿಯೋರಿಗೆ ಎರಡ ಸಾಲಂಗಿಲ್ರಿ ಮೇಡಂ. ದುಡೀದವರಿಗೆ ಒಂದ ಹೆಚ್ಚಿಗಿನ ಇರತೈತಿ" ಎಂದೆ.

ಅವರು ನಗಲಿಲ್ಲ. ಗಂಗವ್ವನನ್ನು ಬಾಗಿಲ ಬಳಿ ಕರೆದು ಹೇಳಿದ್ದು ನನಗೂ ಕೇಳಿಸಿತು. "ನರ ಇನ್ನೂ ಜೀವ ಹಿಡದಾವ್ರಿ ಕಾಕಿ. ಬೆರಳು ಬರಬಹುದು. ಆದ್ರ ಕೈ ತಮ್ಮದು ಅಂತ ಇವರು ಒಪ್ಪಗೋಬೇಕು. ತನ್ನದಲ್ಲದ್ದನ್ನ ಯಾರು ಎಬ್ಬಸತಾರ? ಈ ನಾಕಾರು ತಿಂಗಳ ಹೊತ್ತು ಹೋತಂದ್ರ ಕೈ ಹಂಗ ಸೆಟದ ಉಳೀತೈತಿ."

ವೈಂಡಿಂಗ್ ಎರಡು ಕೈಯ ಕೆಲಸ. ಗಂಗವ್ವ ಅಂದು ಅಡುಗೆಮನೆಯಲ್ಲಿ ಬಹಳ ಹೊತ್ತು ಪಾತ್ರೆ ತಿಕ್ಕಿದಳು.

ಮೇಡಂ ನನಗೆ ಅರ್ಥವಾಗುವಂತೆ ಹೇಳಿದ್ದೂ ಉಂಟು. ಮೆದುಳಿನಲ್ಲಿ ಹಳೆಯ ದಾರಿ ಸುಟ್ಟಿದೆ, ಅದೇ ಅದೇ ಚಲನೆಯನ್ನು ಸಾವಿರ ಸಲ ಮಾಡಿದರೆ ಹೊಸ ದಾರಿ ಬೀಳುತ್ತದೆ ಎಂದರು. ಇದು ನನಗೆ ಹೊಸದಲ್ಲ, ರಿವೈಂಡಿಂಗ್. ಒಂದೇ ತೊಡಕು, ಹೊಟ್ಟೆ ಬಿಚ್ಚಿ ನೋಡುವಂತಿಲ್ಲ. ನೋಡಿ, ಮೂರು ಫೇಸಿನ ಮೋಟಾರಿಗೆ ಒಂದು ಫೇಸ್ ತಪ್ಪಿತೆಂದರೆ ಅದು ತಿರುಗುವುದಿಲ್ಲ, ಸುಮ್ಮನೆ ಗುಂಯ್ ಎನ್ನುತ್ತದೆ, ಕಾದು ಬಿಸಿಯಾಗುತ್ತದೆ. ತಾನು ಕೆಲಸ ಮಾಡುತ್ತಿದ್ದೇನೆ ಎಂದೇ ಅದರ ತಿಳುವಳಿಕೆ. ಹೊರಗಿನಿಂದ ಯಾರಾದರೂ ಒಂದು ತಿರುವು ಕೊಟ್ಟರೆ ಕೆಲವೊಮ್ಮೆ ಸುತ್ತತೊಡಗುತ್ತದೆ. ಹಾಸಿಗೆಯಲ್ಲಿ ಮಲಗಿ ಎಲ್ಲರಿಗೂ ಹುಕುಂ ಕೊಡುತ್ತಿದ್ದ ನಾನು ಆ ನಾಲ್ಕು ತಿಂಗಳು ಬಹುಶಃ ಗುಂಯ್ ಎನ್ನುತ್ತಿದ್ದೆ.

ವ್ಯಾಯಾಮ ಮಾಡಿ ಎಂದರೆ ನನ್ನ ಉತ್ತರ ತಯಾರಿತ್ತು. "ಕೈ ಅವಂದು. ಅವನ ಮಾಡ್ಲಿ." ಹಾಗೆ ಸೋಮ್ಯಾನಿಗೆ ಕೆಲಸ ಹತ್ತಿತು. ಬೆಳಿಗ್ಗೆ ಎಂಟಕ್ಕೆ ಬಂದು ಆ ಕೈಗೆ ಎಣ್ಣೆ ಹಚ್ಚಿ, ಒಂದೊಂದೇ ಬೆರಳು ಮಡಚಿ ಬಿಚ್ಚಿ, ಮೊಣಕೈ ಬಗ್ಗಿಸಿ, ಭುಜ ಎತ್ತಿ ಇಳಿಸುತ್ತಿದ್ದ. ನಾನು ಪಕ್ಕದಲ್ಲೇ ಒರಗಿ, ಆ ಬೆರಳು ಬಿಟ್ಟೆ, ಇದು ಸರಿಯಾಗಲಿಲ್ಲ, ನಿನ್ನ ಕೈಯನ್ನೇ ನೆಟ್ಟಗೆ ನೋಡಿಕೊಳ್ಳಲು ಬರುವುದಿಲ್ಲವಲ್ಲೋ ಎಂದು ಬೈಯುತ್ತಿದ್ದೆ. ಮಧ್ಯಾಹ್ನದ ಊಟವಾದ ಮೇಲೂ ಅವನು ಬರುತ್ತಿದ್ದನೆಂಬುದನ್ನು ನಾನು ಗಮನಿಸಿದ್ದು ತಡವಾಗಿ.

ಬರುಬರುತ್ತ ಅವನೂ ಆ ಕೈಯ ಯಜಮಾನಿಕೆ ವಹಿಸಿಕೊಂಡ. ತನ್ನ ವಾಚು ತೆಗೆದು ಅದಕ್ಕೆ ಕಟ್ಟಿದ. ನೋಡಲು ಬಂದವರು ಎತ್ತಿ ಹಿಡಿದರೆ, "ಸಾವಕಾಶ ಹಿಡೀರಿ, ನನ್ನ ಕೈ ಐತಿ" ಎನ್ನುತ್ತಿದ್ದ. ಮುನವಳ್ಳಿಯಿಂದ ಬಂದ ಬೀಗರೊಬ್ಬರು ಕೈಚೀಲದಲ್ಲಿ ಜೀವಂತ ಪಾರಿವಾಳ ತಂದರು. ಅದರ ನೆತ್ತರು ಹಚ್ಚಿ ತಿಕ್ಕಿದರೆ ಲಕ್ವಾ ಇಳಿಯುತ್ತದಂತೆ. ನಮ್ಮದು ಮಾಂಸ ಮುಟ್ಟದ, ಉಳ್ಳಾಗಡ್ಡಿ ಹೆಚ್ಚುವುದಕ್ಕೂ ಹಿಂದೆಮುಂದೆ ನೋಡುವ ಮನೆತನ. ನಾನು ಧರ್ಮವಾಗಿ, "ಕೈ ನಂದಲ್ರಿ, ಯಾರದೈತಿ ಅವನ್ನ ಕೇಳ್ರಿ" ಎಂದೆ. ಕೈಯ ಯಜಮಾನ ಸೋಮ್ಯಾ ನೆತ್ತರು ಎಂಬ ಮಾತಿಗೇ ಕಣ್ಣು ಕತ್ತಲೆ ಬಂದು ಕುಳಿತ. ಆ ಗದ್ದಲದಲ್ಲಿ ಪಾರಿವಾಳ ಹಾರಿ ಫ್ಯಾನಿನ ಮೇಲೆ ಕುಳಿತಿತು. ಎರಡು ದಿನ ಇಳಿಯಲಿಲ್ಲ. ಬೇಸಿಗೆಯ ಬಿಸಿಲಲ್ಲಿ ಎರಡು ದಿನ ನಾವು ಫ್ಯಾನ್ ಹಾಕದೆ ಬೆವತೆವು. ಲಕ್ವಾ ಪಾರಿವಾಳಕ್ಕೆ ಹೊಡೆದಂತಾಗಿತ್ತು.

ಇನ್ನು ಮುಚ್ಚಿಟ್ಟ ಮಾತೊಂದಿದೆ. ಮೂರನೆಯ ತಿಂಗಳು ಕಳೆದಿರಬೇಕು, ಗಂಗವ್ವ ಸ್ನಾನ ಮಾಡಿಸುವಾಗ ಆ ಕೈಯ ಮೇಲೆ ಬಿಸಿನೀರು ಬಿತ್ತು. ನಾನು ಅಯ್ಯೋ ಎಂದೆ. ಸುಟ್ಟದ್ದು ಅವನ ಕೈ, ಒದರಿದ್ದು ನನ್ನ ಬಾಯಿ. ಲೆಕ್ಕ ಹತ್ತಲಿಲ್ಲ. ಗಂಗವ್ವ ಚರಿಗೆ ಹಿಡಿದು ಹಾಗೇ ನಿಂತು, "ಯಾಕ್ರಿ?" ಎಂದಳು. ನಾನು "ಏನಿಲ್ಲ, ಕಾಲು ಸರೀತು" ಎಂದೆ.

ಅವತ್ತೇ ಒಪ್ಪಿಕೊಳ್ಳಬಹುದಿತ್ತು. ಆದರೆ ಮೂರು ತಿಂಗಳು ಊರಿಗೆಲ್ಲ ಒಂದು ಮಾತು ಹೇಳಿ, ಈಗ ಒಂದು ಚರಿಗೆ ನೀರಿಗೆ ತಿರುಗಿ ಬೀಳುವುದೇ? ಅಲ್ಲದೆ, ಆ ಕೈ ನನ್ನದಾದರೆ, ಮೂರು ತಿಂಗಳಿಂದ ಕೆಲಸವಿಲ್ಲದೆ ಬಿದ್ದವನೂ ನಾನೇ ಆಗುತ್ತಿದ್ದೆ. ಈ ಎರಡನೆಯದು ನನಗೆ ಲಕ್ವಾಕ್ಕಿಂತ ದೊಡ್ಡದಾಗಿ ಕಂಡಿತು. ಹೀಗಾಗಿ ಕೋಲು ಊರಿಕೊಂಡು ಅಂಗಡಿಗೆ ಹೋಗಿ, ಬಲಗೈಯೊಂದರಲ್ಲೇ ಸುಟ್ಟ ತಂತಿ ಕಿತ್ತು, ಇಕ್ಕಳದಿಂದ ಎಳೆದು, ಒರಟು ಕಾಟಪೇಪರಿನಿಂದ ತುಕ್ಕು ತಿಕ್ಕುತ್ತ ಕುಳಿತೆ. ಎಡಗೈ ಬಟ್ಟೆಯ ಜೋಳಿಗೆಯಲ್ಲಿ ಎದೆಯ ಮೇಲೆ ತೂಗುತ್ತಿತ್ತು, ವಾಚು ಕಟ್ಟಿಕೊಂಡು.

ಅಷ್ಟರಲ್ಲಿ ರೇಷನ್ ಕಾರ್ಡಿನಲ್ಲಿ ಹೆಸರಿದ್ದವರೆಲ್ಲ ಬೆರಳಿನ ಗುರುತು ಕೊಡಬೇಕು, ಇಲ್ಲವಾದರೆ ಹೆಸರು ತೆಗೆಯುತ್ತಾರೆ ಎಂದು ಸುದ್ದಿ ಬಂತು. ಸೋಮ್ಯಾ ನನ್ನನ್ನು ಕಂಪ್ಯೂಟರ್ ಅಂಗಡಿಗೆ ಕರೆದುಕೊಂಡು ಹೋದ. ಹಿಂದೆ ಹತ್ತು ಜನರ ಪಾಳಿ. ನಾನು ಬಲಗೈ ಹೆಬ್ಬೆರಳು ಮಶಿನ್ನಿನ ಮೇಲಿಟ್ಟೆ. ಕೆಂಪು ದೀಪ.

"ವರಸಿ ಇಡ್ರಿ" ಎಂದ ಮಶಿನ್ನಿನವನು.

ಒರೆಸಿದೆ. ಕೆಂಪು. ತಲೆಯ ಎಣ್ಣೆಗೆ ತಿಕ್ಕಿ ಇಟ್ಟೆ. ಕೆಂಪು. ಐದೂ ಬೆರಳು ಆದವು. ಅವನು ನನ್ನ ಅಂಗೈಯನ್ನು ಬೆಳಕಿಗೆ ಹಿಡಿದು ನೋಡಿದ. "ಅಣ್ಣಾರ, ರೇಖಾನ ಉಳದಿಲ್ಲಲ್ರಿ. ಎಲ್ಲಾ ಸವದ ಹೋಗ್ಯಾವ. ಎಡಗೈ ಕೊಡ್ರಿ."

"ಅದು ನಂದಲ್ಲ" ಎಂದೆ. ಹಿಂದೆ ಯಾರೋ ಕಿಸಕ್ ಎಂದರು.

"ಯಾರದ್ರಿ ಮತ್ತ?"

"ಇವಂದು. ಅವನ ಹೆಬ್ಬೆಟ್ಟು ನನ್ನ ಕಾರ್ಡಿಗೆ ಒತ್ತಿದ್ರ ಕಳ್ಳತನ ಆಗತೈತಿ."

ಮಶಿನ್ನಿನವನು ಸೋಮ್ಯಾನ ಕಡೆ ನೋಡಿದ. ಎಲ್ಲರೂ ನೋಡಿದರು. ಇವನು ಈಗ ಏನು ಹೇಳುತ್ತಾನೆ, ಪೇಟೆಯಲ್ಲಿ ನನ್ನ ಮರ್ಯಾದೆ ಹೇಗೆ ಕಳೆಯುತ್ತಾನೆ ಎಂದು ನಾನು ಹಲ್ಲು ಕಚ್ಚಿದೆ. ಮದುವೆ ಮನೆಗಳಲ್ಲಿ ನಾನು ಆಡಿದ್ದಕ್ಕೆಲ್ಲ ಬಡ್ಡಿ ಸಮೇತ ತೀರಿಸಿಕೊಳ್ಳಬಹುದಿತ್ತು. ಸೋಮ್ಯಾ ಒಂದು ಹೆಜ್ಜೆ ಮುಂದೆ ಬಂದು, "ಹೌದ್ರಿ, ನಂದ. ಆದ್ರ ನಾ ಪರವಾನಗಿ ಕೊಟ್ಟೇನಿ. ಇಡ್ರಿ ಮಾಮಾ" ಎಂದ. ಜೋಳಿಗೆ ಬಿಚ್ಚಿ, ಎರಡೂ ಕೈಯಲ್ಲಿ ಅದನ್ನು ಎತ್ತಿ ತಂದು, ಹೆಬ್ಬೆರಳನ್ನು ನಿಧಾನ ಬಿಚ್ಚಿ ಗಾಜಿನ ಮೇಲಿಟ್ಟ.

ಹಸಿರು ದೀಪ. ಪರದೆಯ ಮೇಲೆ ನನ್ನ ಹಳೆಯ ಫೋಟೋ, ನನ್ನ ಹೆಸರು, ನನ್ನ ತಂದೆಯ ಹೆಸರು.

"ಒಂದ ಸಲಕ್ಕ ಹಿಡೀತು. ಸುಮ್ಮ ಕುಂತ ಕೈಯಾಗ ರೇಖಾ ಚಲೋ ಬೆಳೀತಾವ್ರಿ" ಎಂದು ಮಶಿನ್ನಿನವನು ಮುಂದಿನವರನ್ನು ಕರೆದ.

ಮೂವತ್ತು ವರ್ಷ ನನಗೆ ಅನ್ನ ಹಾಕಿದ ಕೈಯನ್ನು ಆ ಮಶಿನ್ನು ಏಳು ಸಲ ಗುರುತಿಲ್ಲ ಎಂದಿತ್ತು. ನಾಲ್ಕು ತಿಂಗಳು ಒಂದು ಕಡ್ಡಿ ಎತ್ತದ ಕೈಯನ್ನು ಹೆಸರು ಹಿಡಿದು, ತಂದೆಯ ಹೆಸರು ಸಮೇತ ಕರೆದಿತ್ತು. ಜಗಳ ತೆಗೆಯೋಣವೆಂದರೆ ಯಾರ ಮೇಲೆ ತೆಗೆಯಲಿ? ಮೇಡಂ ಮಾತು ನಾನು ಕೇಳಿರಲಿಲ್ಲ, ಹೆಂಡತಿಯ ಮಾತು ಕೇಳಿರಲಿಲ್ಲ. ಮಶಿನ್ನಿನ ಮಾತಿಗೆ ಎದುರಾಡಿ ನನಗೆ ರೂಢಿಯಿಲ್ಲ.

ಹೊರಗೆ ಬಂದು ಸೋಮ್ಯಾ ಮತ್ತೆ ಜೋಳಿಗೆ ಕಟ್ಟಲು ಬಂದ. ನಾನು ಕೋಲನ್ನು ಕಂಕುಳಿಗೆ ಸಿಕ್ಕಿಸಿ, ಬಲಗೈಯಿಂದ ಎಡಗೈಯನ್ನು ಹಿಡಿದುಕೊಂಡೆ. ಮೊದಲ ಸಲ. ಬೆಚ್ಚಗಿತ್ತು. ವಾಚು ಬಿಚ್ಚಿ ಅವನಿಗೆ ಕೊಡು ಎಂದು ಬಲಗೈಗೆ ಹೇಳಿದೆ, ಕೊಟ್ಟಿತು.

ಅವನು ವಾಚು ನೋಡಿದ, ನನ್ನನ್ನು ನೋಡಿದ. "ಹಂಗಾರ ನಾಳಿಂದ ನನಗ ಸೂಟಿ ಏನ್ ಮಾಮಾ?"

"ಕೈ ನಂದ ಅಂತ ಒಪ್ಪೇನಿ. ಕೆಲಸ ನಂದ ಅಂತ ಎಲ್ಲಿ ಅಂದೆ? ಎಂಟಕ್ಕ ಬಾ."

ಅವನು ಏಳೂವರೆಗೇ ಬಂದ. ಅಂದಿನಿಂದ ಬೆರಳು ಮಡಚುವವನು ನಾನು, ಎಣಿಸುವವನು ಅವನು, ಬೈಯುವವನೂ ಈಗ ಅವನೇ. ನನ್ನ ಹಿಂದಿನ ಬೈಗುಳಗಳನ್ನು ಒಂದೂ ಮರೆತಿಲ್ಲ ಎಂದು ತಿಳಿಯಿತು. ಎಡಗೈ ತಂತಿ ಹಿಡಿಯುವಷ್ಟು ಬಂದಿದೆ, ಎಳೆಯುವಷ್ಟು ಬಂದಿಲ್ಲ. ಎಳೆಯುವುದನ್ನು ಸೋಮ್ಯಾ ಮಾಡುತ್ತಾನೆ. ಸುತ್ತು ಒಂದೆರಡು ಹೆಚ್ಚುಕಡಿಮೆ ಆಗುತ್ತವೆ, ಬಿಚ್ಚಿಸಿ ಮತ್ತೆ ಸುತ್ತಿಸುತ್ತೇನೆ.

ಈಗ ಯಾರಾದರೂ ಎದುರಾದರೆ ನಾನು ಎರಡೂ ಕೈಯಿಂದ ನಮಸ್ಕಾರ ಮಾಡುತ್ತೇನೆ. ಬಲಗೈ ಮೊದಲೇ ಎದೆಯ ಹತ್ತಿರ ಬಂದು ನಿಲ್ಲುತ್ತದೆ. ಎಡಗೈ ಹೊರಟಿದೆ, ಬರುತ್ತದೆ, ಅದರದೇ ನಡಿಗೆ. ಅದು ಮುಟ್ಟುವತನಕ ಎದುರಿನವರು ಪಾಪ ನಿಂತೇ ಇರುತ್ತಾರೆ, ಬಲಗೈಯೂ ಗಾಳಿಯಲ್ಲಿ ಕಾಯುತ್ತ ಇರುತ್ತದೆ. ಕಾಯುವ ಕೆಲಸ ಅದಕ್ಕೆ ಹೊಸದು. ಇನ್ನೂ ಕಲಿಯುತ್ತಿದೆ.