ದವಾಖಾನೆಗೆ ಎಲೆ ಅಡಿಕೆ ಇಟ್ಟು ಕರೆದದ್ದು

ನನ್ನ ಮೊಮ್ಮಗಳು ಡಾಕ್ಟರ್. ಇದನ್ನು ಮೊದಲ ಸಾಲಿನಲ್ಲೇ ಬರೆಯದಿದ್ದರೆ ನನಗೆ ಊಟ ಸೇರುವುದಿಲ್ಲ. ಬರೇ ಡಾಕ್ಟರ್ ಅಲ್ಲ, ಕಲಬುರಗಿಯ ದೊಡ್ಡ ದವಾಖಾನೆಯಲ್ಲಿ ರಕ್ತದ ಕ್ಯಾನ್ಸರಿನ ಸಂಶೋಧನೆ ಮಾಡುವವಳು. ನಾನು ಎರಡನೇ ಜಮಾತಿಗೇ ಶಾಲೆ ಬಿಟ್ಟು ಕಮಲಾಪುರದಲ್ಲಿ ಕೆಂಪು ಬಾಳೆ ಬೆಳೆದವ. ನನಗೂ ತಿಳಿಯುವಂತೆ ಅವಳೇ ಹೇಳಿಕೊಟ್ಟಳು. ರಕ್ತ ಹುಟ್ಟುವುದು ಎಲುಬಿನೊಳಗಿನ ಮೆತ್ತನೆಯ ಮಜ್ಜೆಯಲ್ಲಿ. ಕೆಲವರಿಗೆ ಅಲ್ಲೇ ಕ್ಯಾನ್ಸರ್ ಆಗಿ, ಸುಟ್ಟ ಗಾಯ ಮಾಯ್ದ ಮೇಲೆ ಚರ್ಮ ಬಿಗಿದುಕೊಳ್ಳುವಂತೆ, ಮಜ್ಜೆಯೆಲ್ಲ ಕಲೆಗಟ್ಟಿ ಗಡುಸಾಗುತ್ತದೆ. ಸೂಜಿ ಹಾಕಿ ಎಳೆದರೆ ಹನಿಯೂ ಬಾರದು, ಎಲುಬಿನದೇ ಒಂದು ಚೂರು ತೆಗೆದು ನೋಡಬೇಕು. ಹೊಟ್ಟೆಯ ಎಡಗಡೆಯೂ ಊದಿಕೊಳ್ಳುತ್ತದೆ.

ಗುಳಿಗೆ ಕೊಟ್ಟರೆ ಹೊಟ್ಟೆ ಇಳಿಯುತ್ತಿತ್ತು. ಒಳಗಿನ ಕಲೆಯೂ ಕರಗುತ್ತದೆಯೇ? ತೊಂಬತ್ತರ ದಶಕ ಮುಗಿಯುವ ಆ ಕಾಲದಲ್ಲಿ ಅವಳು ಇದೊಂದೇ ಪ್ರಶ್ನೆಯ ಬೆನ್ನು ಹತ್ತಿದ್ದಳು. ಉತ್ತರಕ್ಕೆ ಗುಳಿಗೆ ತಿಂದವರ ಎಲುಬಿನ ಚೂರು ಇನ್ನೊಮ್ಮೆ ಬೇಕು. ಬರುವವರು ಯಾರು? ಹೊಟ್ಟೆ ಇಳಿದದ್ದೇ ತಡ, ಎಲ್ಲರೂ ಮಾಯ. ತಾಜಸುಲ್ತಾನಪುರದ ಹೆಂಗಸೊಬ್ಬಳಂತೂ ಬಾಗಿಲ ಸಂದಿಯಿಂದಲೇ "ನಾ ಆಕಿ ಅಲ್ರೀ" ಎಂದು ಮೊಮ್ಮಗಳನ್ನು ಹಿಂದಕ್ಕೆ ಕಳಿಸಿದಳು.

ರಜೆಗೆ ಬಂದರೂ ಹುಡುಗಿ ರೊಟ್ಟಿ ಮುರಿಯುತ್ತ ಕೂಡುತ್ತಿದ್ದಳೇ ಹೊರತು ತಿನ್ನುತ್ತಿರಲಿಲ್ಲ.

"ಮುತ್ಯಾ, ನಿಮ್ಮ ಭಜಿ ಅಂಗಡಿ ಕಾಕಾನೂ ಬರ್ಲಿಲ್ಲ. ಎಷ್ಟು ಸಲ ಹೇಳಿ ಕಳಿಸ್ಲಿ?"

ಅವನು ನಮ್ಮೂರ ಬಸ್ ಸ್ಟ್ಯಾಂಡಿನ ಎದುರು ಮಿರ್ಚಿ ಭಜಿ ಕರಿಯುವವ, ನನ್ನ ಓರಗೆಯವ, ಅವಳ ಗುಳಿಗೆಯಿಂದ ಹೊಟ್ಟೆ ಇಳಿದವರಲ್ಲೊಬ್ಬ. ನಾನೇ ಹೋದೆ.

"ನೆಟ್ಟಗಿದ್ದಾವ ದವಾಖಾನಿ ಮೆಟ್ಲ ಹತ್ತಬಾರ್ದೋ. ರೋಗಕ್ಕ ನಾವೇ ನೆನಪು ಮಾಡಿ ಕೊಟ್ಟಂಗಾಗ್ತದ" ಎಂದ.

"ಹುಡುಗಿ ಓದಿದ್ದೆಲ್ಲಾ ನಿನ್ನ ಎಲುಬಿನ ಮ್ಯಾಲ ನಿಂತದ."

"ನನ್ನ ಎಲುಬು ನನಗ ನಿಲ್ಸಿದ್ರ ಸಾಕಾಗ್ಯಾದ."

ಸಿಟ್ಟಿಗೆ ಅವನು ಕೊಟ್ಟ ಭಜಿಯನ್ನೂ ಮುಟ್ಟದೆ ಎದ್ದು ಬಂದೆ. ಮತ್ತೆ ಹೋದೆ, ಮತ್ತೆ ಅದೇ ಮಾತು. ಕಡೆಗೆ ನನ್ನ ಹೆಂಡತಿ ಬೈದಳು: "ಬರೇ ಬಾಯಿಲೆ ಕರದ್ರ ಯಾರು ಬರ್ತಾರ? ಎಲಿ ಅಡಿಕಿ ಇಟ್ಟು ಕರದೀರೇನು?"

ನಮ್ಮ ಕಡೆ ಮದುವೆ, ಮುಂಜಿ ಯಾವುದಿದ್ದರೂ ಕೈಗೆ ಎಲೆ ಅಡಿಕೆ ಇಟ್ಟೇ ಕರೆಯುವುದು. ಹಿಡಿದವನು ಬರಲೇಬೇಕು. ಒಗೆದ ಧೋತರ, ಟೋಪಿ ಹಾಕಿಕೊಂಡು ಹೋಗಿ ಅವನೆದುರು ಹಿಡಿದೆ.

"ಗುರುವಾರ ಕಲಬುರಗಿ ದವಾಖಾನ್ಯಾಗ ನನ್ನ ಮೊಮ್ಮಗಳ ಕಾರ್ಯ ಅದ. ನೀ ಇಲ್ದ ನಡಿಯಂಗಿಲ್ಲ."

ಎಣ್ಣೆಯಿಂದ ಭಜಿ ಎತ್ತುವ ಜಾರಾ ಕೆಳಗಿಟ್ಟು ಎಲೆಯನ್ನೇ ನೋಡುತ್ತ ನಿಂತ. "ಭಾಳ ಖೋಡಿ ಇದ್ದೀ ನೀ" ಎಂದು ಕೈ ಒರೆಸಿಕೊಂಡು ತೆಗೆದುಕೊಂಡ.

ಆದರೆ ಎಲೆ ಹಿಡಿದವನು ಒಬ್ಬನೇ ಬರುವುದಿಲ್ಲ ಎಂಬುದು ನನಗೆ ಹೊಳೆದಿರಲಿಲ್ಲ. ಗುರುವಾರ ದವಾಖಾನೆಯ ಮುಂದೆ ಟೆಂಪೋ ನಿಂತಿತು. ಹೆಂಡತಿ, ಮಕ್ಕಳು, ಸೊಸೆಯರು, ಮೊಮ್ಮಕ್ಕಳು, ಎಲ್ಲರ ಮೈಮೇಲೂ ಹೊಸ ಬಟ್ಟೆ. ಡಾಕ್ಟರಿಗೆ ಆಯೇರಿಯ ಉಡುಗೊರೆ ಕೊಡಲು ಕುಪ್ಪಸದ ಖಣ ಬೇರೆ.

ವಾಚ್‌ಮನ್ ಗಾಬರಿಯಾದ. "ಯಾರು ಹೋದ್ರು ರೀ?"

"ಯಾರೂ ಹೋಗಿಲ್ಲೋ. ಕಾರ್ಯಕ್ಕ ಬಂದೀವಿ" ಎಂದ ಭಜಿಯವ.

ಮೊಮ್ಮಗಳು ಅವನನ್ನು ಬದಿಗೆ ಕೂರಿಸಿಕೊಂಡಳು. "ಕಾಕಾ, ಮುತ್ಯಾ ಅಂದಾನಂತ ಬ್ಯಾಡ್ರಿ. ನಿಮಗ ಮನಸಿಲ್ಲಂದ್ರ ಹೊಳ್ಳಿ ಹೋಗ್ರಿ, ಗುಳಿಗಿ ಏನೂ ನಿಲ್ಸಂಗಿಲ್ಲ."

"ಟೆಂಪೋ ಮಾಡ್ಕೊಂಡು ಬಂದೀನವ್ವಾ. ಮನಸಿಲ್ದ ಬರ್ತೀನೇನು? ತಗೀ ನಿನ್ನ ಸೂಜಿ."

ಚೂರು ಸಿಕ್ಕಿತು. ಕೆಲವು ವಾರಗಳ ಮೇಲೆ ಹುಡುಗಿ ಊರಿಗೆ ಬಂದು ರೊಟ್ಟಿ ಮುರಿಯುತ್ತ ಹೇಳಿದಳು: "ಮುತ್ಯಾ, ಒಳಗಿನ ಕಲಿ ಇದ್ದಂಗೇ ಅದ. ಹೊಟ್ಟಿ ಅಷ್ಟೇ ಇಳದದ."

ನನಗೆ ಸಿಟ್ಟೇ ಬಂತು. ಇಷ್ಟು ವರ್ಷ ಓದಿ, ಅಷ್ಟು ಮಂದಿಯ ಬೆನ್ನು ಹತ್ತಿ, ಇದಕ್ಕೇನು? ಹಾಗೇ ಕೇಳಿದೆ.

"ಒಬ್ರಿಂದ ಅದೂ ಗಟ್ಟಿ ಹೇಳಾಕ ಬರಂಗಿಲ್ಲ. ಉಳಿದೋರೂ ಬರಬೇಕು. ಎಲ್ಲಾರದೂ ಹಿಂಗೇ ಇತ್ತಂದ್ರ ಬ್ಯಾರೆ ಔಷಧ ಹುಡುಕಬೇಕು" ಎಂದು ತುತ್ತು ಬಾಯಿಗಿಟ್ಟುಕೊಂಡಳು. ಅವಳು ತಿಂದದ್ದು ನೋಡಿ ನನಗೆ ಎದೆ ತುಂಬಿತು, ಸಿಟ್ಟು ಮಾತ್ರ ಇಳಿಯಲಿಲ್ಲ.

ಮರುದಿನ ಬೆಳಿಗ್ಗೆ ಎಲೆ ಅಂಗಡಿಯವ ಕೇಳಿದ: "ಏನ್ ಮುತ್ಯಾ, ಇಷ್ಟು ಎಲಿ? ಮನ್ಯಾಗ ಮದಿವೇನು?"

"ಸುಮ್ಕ ಕಟ್ಟೋ. ಬಸ್ ಹೋಗ್ತದ" ಎಂದೆ. "ನಾ ಆಕಿ ಅಲ್ಲ" ಅಂದವಳ ಮನೆಗೇ ಮೊದಲು.